ಹಾಕಿ ಸ್ಟಿಕ್ಕಿಗೆ ಯಾವ ಟೇಪ್? ಅಡಿಕೆ ಅಂಗಳದಲ್ಲಿ ಸುತ್ತಿ, ಹೊಡೆದು ನೋಡಿದ್ದು

"ಯಾರ ಕಾಲು ಮುರಿದದ್ದು ಮಾರಾಯ?"

ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ತೊಡೆ ಮೇಲೆ ಹಾಕಿ ಸ್ಟಿಕ್. ಅದರ ತುದಿಗೆ ಬಿಳಿ ಪ್ಲಾಸ್ಟರ್ ಸುತ್ತುತ್ತಿದ್ದೆ. ಅಮ್ಮ ಎಲೆ ಅಡಿಕೆ ಜಗಿಯುತ್ತಾ ಸುಮಾರು ಹೊತ್ತು ನೋಡಿದಳು. ಕೊನೆಗೆ ಕೇಳಿದ್ದು ಇದು. ಆರು ವರ್ಷ ಕೆನಡಾದಲ್ಲಿದ್ದು ಬಂದ ಮಗ ಕೋಲಿಗೆ ಬ್ಯಾಂಡೇಜ್ ಕಟ್ಟುತ್ತಾ ಕೂತಿದ್ದಾನೆ ಅಂದರೆ ಯಾವ ತಾಯಿಗೂ ಚಿಂತೆ ಆಗುತ್ತದೆ.

ನನ್ನದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಒಂಟಾರಿಯೋದ ಕಿಚನರ್ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದಾಗ ಐಸ್ ಹಾಕಿ ಹುಚ್ಚು ಹತ್ತಿತು. ಚೆನ್ನಾಗಿ ಆಡುವವರ ತಂಡವಲ್ಲ ನಮ್ಮದು. ಕೆಲಸ ಮುಗಿಸಿ ಬಂದವರು ರಾತ್ರಿ ಹತ್ತೂವರೆಗೆ ಬಾಡಿಗೆ ಮಂಜಿನ ಮೇಲೆ ಜಾರಿ ಬಿದ್ದು ಎದ್ದು ಮನೆಗೆ ಹೋಗುವ ತಂಡ. ಅಪ್ಪನಿಗೆ ತೋಟ ನೋಡಿಕೊಳ್ಳಲು ಆಗದಾದಾಗ ವಾಪಸ್ ಬಂದೆ. ಬರುವಾಗ ಎರಡು ಸ್ಟಿಕ್, ಒಂದು ಡಜನ್ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ), ಏಳು ರೋಲ್ ಹಾಕಿ ಟೇಪ್ ತಂದೆ. ಬೇರೆಯವರು ಚಾಕಲೇಟ್ ತರುತ್ತಾರೆ.

ಅಕ್ಕನ ಮಗ ಶಿವಮೊಗ್ಗದಲ್ಲಿ ಓದುತ್ತಾನೆ, ಅಲ್ಲಿ ಸ್ಕೇಟಿಂಗ್ ಕಲಿತಿದ್ದಾನೆ. ರಜೆಗೆ ಬಂದಾಗ ಇನ್‌ಲೈನ್ ಸ್ಕೇಟ್ ಕಟ್ಟಿಕೊಂಡು ನಮ್ಮ ಸಿಮೆಂಟ್ ಅಂಗಳದಲ್ಲಿ ಸುತ್ತುತ್ತಿದ್ದ. ಅವನ ಕೈಗೆ ಸ್ಟಿಕ್ ಕೊಟ್ಟದ್ದೇ ತಪ್ಪು. ಈಗ ಪಕ್ಕದ ಮನೆಯ ಇಬ್ಬರು ಮಕ್ಕಳೂ ಸೇರಿದ್ದಾರೆ. ಅಕ್ಟೋಬರಿನಿಂದ ಅಂಗಳದ ತುಂಬ ಅಡಿಕೆ. ಕೊಯ್ಲು ಮುಗಿದು ಅಂಗಳ ಖಾಲಿಯಾದ ಮೇಲೆ ಮಳೆ ಹಿಡಿಯುವ ತನಕ ಅದು ನಮ್ಮ ಮೈದಾನ. ಅಡಿಕೆ ದಬ್ಬೆಯಲ್ಲಿ ಗೋಲು ಕಟ್ಟಿದ್ದೇವೆ. ಆರಡಿ ಅಗಲ, ನಾಲ್ಕಡಿ ಎತ್ತರ, ಐಸ್ ಹಾಕಿಯ ಅಸಲಿ ಅಳತೆಯೇ. ಹಿಂದೆ ಹಸಿರು ಶೇಡ್ ನೆಟ್. ನಾಲ್ಕು ಮೂಲೆಗೆ ಒಂದೊಂದು ಅಡಿಕೆ ಹಾಳೆ ತುಂಡು ನೇತು ಹಾಕಿದ್ದೇವೆ. ಪಕ್ ತಾಗಿದರೆ "ಟಪ್" ಅಂತ ಸದ್ದು ಬರುತ್ತದೆ. ತಪ್ಪಿದರೆ ಪಕ್ ತೋಟದ ಬಸಿಗಾಲುವೆಗೆ. ಯಾರು ಹೊಡೆದರೋ ಅವರೇ ಇಳಿದು ತರಬೇಕು, ಜಿಗಣೆ ಸಮೇತ.

ಹೀಗೆ ಆಡಿ ಆಡಿ ಏಳು ರೋಲ್ ಒಂದಕ್ಕೆ ಬಂತು. ಆನ್‌ಲೈನಿನಲ್ಲಿ "ಹಾಕಿ ಟೇಪ್" ಅಂತ ಹುಡುಕಿ, ನಾಲ್ಕು ರೋಲ್ ತರಿಸಿದೆ. ಹತ್ತು ದಿನ ಕಾದೆ. ಬಂದದ್ದು ಗಾಜಿನ ಹಾಗೆ ಪಾರದರ್ಶಕ ಪ್ಲಾಸ್ಟಿಕ್ ಟೇಪ್. ಅದು ಸ್ಟಿಕ್ಕಿಗೆ ಅಲ್ಲ, ಕಾಲಿನ ಪ್ಯಾಡ್ ಜಾರದ ಹಾಗೆ ಸಾಕ್ಸ್ ಮೇಲೆ ಸುತ್ತುವುದು. ವಾಪಸ್ ಕಳಿಸೋಣ ಅಂದರೆ ನಮ್ಮ ಊರಿಗೆ ಪಿಕಪ್ ಇಲ್ಲ ಅಂದರು. ತಂದು ಕೊಡಲು ಬರುತ್ತದೆ, ತಗೊಂಡು ಹೋಗಲು ಬರುವುದಿಲ್ಲ! ಆ ನಾಲ್ಕು ರೋಲನ್ನು ಅಮ್ಮ ಹಪ್ಪಳದ ಡಬ್ಬದ ಮುಚ್ಚಳಕ್ಕೆ ಸುತ್ತಿ ಮುಗಿಸಿದಳು. ಗಾಳಿ ಆಡುವುದಿಲ್ಲ, ಬಹಳ ಒಳ್ಳೇ ಟೇಪ್ ಅಂತ ಅವಳ ಅಭಿಪ್ರಾಯ.

ಹಾಗಾಗಿ ಶಿವಮೊಗ್ಗ, ತೀರ್ಥಹಳ್ಳಿಯಲ್ಲಿ ಸಿಗುವ ಟೇಪುಗಳಲ್ಲೇ ಯಾವುದು ಆಗುತ್ತದೆ ನೋಡೋಣ ಅಂತ ಹೊರಟೆ. ಈ ಬರಹ ಅದರದ್ದು.

ಮೊದಲು ಒಂದು ವಿಷಯ. ನಮ್ಮೂರಿನ ನಿವೃತ್ತ ಪಿಟಿ ಮೇಷ್ಟ್ರು ಒಂದು ಸಂಜೆ ಅಂಗಳಕ್ಕೆ ಬಂದಿದ್ದರು. ಅವರು ಹುಲ್ಲು ಮೈದಾನದ ಹಾಕಿ ಆಡಿದವರು. ಬೇಸಿಗೆಯಲ್ಲಿ ಕೊಡಗಿನ ಕುಟುಂಬಗಳ ಹಾಕಿ ಹಬ್ಬಕ್ಕೆ ಬಸ್ ಹತ್ತುವವರು. 1997ರಲ್ಲಿ ಅದು ಶುರುವಾದಾಗಿನಿಂದ ಎಷ್ಟು ಸಲ ಹೋಗಿದ್ದಾರೋ ಅವರಿಗೇ ಲೆಕ್ಕ ಇಲ್ಲ. ನನ್ನ ಸ್ಟಿಕ್ ಕೈಗೆ ತಗೊಂಡು ತಿರುಗಿಸಿ ನೋಡಿದರು.

"ಇದೆಂತದೋ, ಹೊಡೆಯುವ ಕಡೆಗೇ ಟೇಪ್ ಸುತ್ತಿದ್ದೀಯಲ್ಲ? ಹಿಡಿಯುವ ಕಡೆ ಅಲ್ವಾ ಸುತ್ತಬೇಕಾದ್ದು?"

ಅವರ ಪ್ರಶ್ನೆ ಸರಿ. ಅವರ ಹಾಕಿಯಲ್ಲಿ ಸ್ಟಿಕ್ಕಿನ ಎಡಗಡೆಯ ಚಪ್ಪಟೆ ಮೈಯಲ್ಲಿ ಮಾತ್ರ ಆಡಬೇಕು, ಆ ಮೈ ನಯವಾಗಿರಬೇಕು. ಏನೇ ಸುತ್ತಿದರೂ ಒಟ್ಟು ಸ್ಟಿಕ್ 51 ಮಿಲಿಮೀಟರ್ ಬಳೆಯೊಳಗೆ ತೂರಬೇಕು. ಚೆಂಡು ಗುಂಡಗೆ, ಹೇಗೆ ತಳ್ಳಿದರೂ ಉರುಳುತ್ತದೆ. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಇರುವುದು ಪಕ್. ಗಟ್ಟಿ ರಬ್ಬರಿನ ಬಿಲ್ಲೆ, ಮೂರಿಂಚು ಅಗಲ, ಒಂದಿಂಚು ದಪ್ಪ, ಸುಮಾರು 170 ಗ್ರಾಂ ತೂಕ. ನೋಡಲು ಸಣ್ಣ ಬೆಲ್ಲದಚ್ಚು. ಅದು ನೆಲದ ಮೇಲೆ ಉರುಳುವುದಿಲ್ಲ, ಜಾರುತ್ತದೆ. ಗಾಳಿಯಲ್ಲಿ ಹೋಗುವಾಗ ನೆಟ್ಟಗೆ ಹೋಗಬೇಕಾದರೆ ತನ್ನ ಸುತ್ತ ತಾನು ತಿರುಗಬೇಕು.

ಬುಗುರಿ ನೆನಪು ಮಾಡಿಕೊಳ್ಳಿ. ತಿರುಗುವ ತನಕ ನಿಲ್ಲುತ್ತದೆ. ತಿರುಗುವುದು ನಿಂತರೆ ಓಲಾಡಿ ಬೀಳುತ್ತದೆ. ಪಕ್ಕೂ ಅಷ್ಟೇ. ತಿರುಗದ ಪಕ್ ಗಾಳಿಯಲ್ಲಿ ಮಗುಚಿ ಮಗುಚಿ ಹೋಗುತ್ತದೆ, ಎಲ್ಲಿ ಬೀಳುತ್ತದೆ ಅಂತ ಹೊಡೆದವನಿಗೂ ಗೊತ್ತಿರುವುದಿಲ್ಲ. ಬುಗುರಿಗೆ ತಿರುಗಣೆ ಕೊಡುವುದು ಹಗ್ಗ. ಹಗ್ಗ ನಯವಾಗಿದ್ದರೆ ಬುಗುರಿ ತಿರುಗುತ್ತದೆಯೇ? ಅದಕ್ಕೇ ಅಲ್ವಾ ಚಿಕ್ಕವರಿದ್ದಾಗ ಹಗ್ಗಕ್ಕೆ ಎಂಜಲು ಹಚ್ಚುತ್ತಿದ್ದದ್ದು. ಸ್ಟಿಕ್ಕಿನ ಬ್ಲೇಡಿಗೆ, ಅಂದರೆ ಪಕ್ ಹೊಡೆಯುವ ಚಪ್ಪಟೆ ತುದಿಗೆ, ಟೇಪ್ ಸುತ್ತುವುದು ಅದೇ ಕಾರಣಕ್ಕೆ.

ರಿಸ್ಟ್ ಶಾಟ್ ಅಂತ ಒಂದು ಹೊಡೆತ ಇದೆ. ಹೊಡೆತ ಅನ್ನುವುದಕ್ಕಿಂತ ಎಸೆತ ಅನ್ನಬೇಕು. ಪಕ್ಕನ್ನು ಬ್ಲೇಡಿನ ಹಿಮ್ಮಡಿ ಹತ್ತಿರ, ಅಂದರೆ ಕೋಲು ಬಾಗುವ ಜಾಗದಲ್ಲಿ ಇಟ್ಟುಕೊಂಡು ಮುಂದಕ್ಕೆ ಬಾಚುತ್ತೇವೆ. ಬಾಚುತ್ತಾ ಬಾಚುತ್ತಾ ಪಕ್ ಬ್ಲೇಡಿನ ಮೈಯಲ್ಲಿ ಹಿಮ್ಮಡಿಯಿಂದ ತುದಿಗೆ ಉರುಳಿಕೊಂಡು ಹೋಗಿ ಬಿಡುತ್ತದೆ. ಬ್ಲೇಡ್ ಬರೀ ಕಾರ್ಬನ್ ಆಗಿದ್ದರೆ ಉರುಳುವ ಬದಲು ಜಾರುತ್ತದೆ. ಜಾರಿದರೆ ತಿರುಗಣೆ ಕಮ್ಮಿ. ಬಟ್ಟೆ ಟೇಪ್ ಇದ್ದರೆ ಕಚ್ಚಿಕೊಂಡು ಉರುಳುತ್ತದೆ, ತಿರುಗುತ್ತಾ ಹೊರಡುತ್ತದೆ.

ಮೇಷ್ಟ್ರು ಎಲ್ಲ ಕೇಳಿ, "ಹಾಗಾದರೆ ಇದು ಹಾಕಿ ಅಲ್ಲ ಬಿಡು, ಬುಗುರಿ," ಅಂದು ಕಾಫಿ ಕುಡಿದು ಹೋದರು.

ಟೇಪ್ ಹಾಕಿದರೆ ಹೊಡೆತ ಜೋರಾಗುತ್ತದೆ ಅಂತ ಅಳಿಯನಿಗೆ ಯಾರೋ ಹೇಳಿದ್ದರು. ಆಗುವುದಿಲ್ಲ. ಜೋರು ಬರುವುದು ಕೋಲಿನಿಂದ, ಮೈಯಿಂದ. ಸ್ಲ್ಯಾಪ್ ಶಾಟಿನಲ್ಲಿ, ಅಂದರೆ ಸ್ಟಿಕ್ ಹಿಂದಕ್ಕೆ ಎತ್ತಿ ಬೀಸಿ ಹೊಡೆಯುವಾಗ, ಸ್ಟಿಕ್ ಪಕ್ಕಿಗೆ ತಾಗುವ ಮೊದಲೇ ಮಂಜಿಗೆ ತಾಗುತ್ತದೆ. ಕೋಲು ಬಿಲ್ಲಿನ ಹಾಗೆ ಬಾಗುತ್ತದೆ. ಬಾಗಿದ್ದು ನೆಟ್ಟಗಾಗುವಾಗ ಪಕ್ಕನ್ನು ಚಿಮ್ಮಿಸುತ್ತದೆ. ಅದಕ್ಕೇ ಸ್ಟಿಕ್ ಮೇಲೆ ಒಂದು ನಂಬರ್ ಬರೆದಿರುತ್ತಾರೆ. ನನ್ನದರ ಮೇಲೆ 85 ಅಂತ ಇದೆ. ಅಂದರೆ ಕೋಲು ಒಂದಿಂಚು ಬಾಗಲು 85 ಪೌಂಡ್, ಹತ್ತಿರ ಹತ್ತಿರ 38 ಕಿಲೋ ಭಾರ ಬೇಕು. ಉದ್ದ ಕತ್ತರಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳಿಗೆ ದೊಡ್ಡವರ ಸ್ಟಿಕ್ಕನ್ನು ಕತ್ತರಿಸಿ ಕೊಡಬೇಡಿ ಅನ್ನುವುದು ಇದಕ್ಕೇ. 2012ರಲ್ಲಿ ಜ್ದೆನೋ ಚಾರಾ ಅನ್ನುವ ಆರಡಿ ಒಂಬತ್ತಿಂಚಿನ ಆಸಾಮಿ ಎನ್‌ಎಚ್‌ಎಲ್ (ಅಮೆರಿಕ, ಕೆನಡಾದ ದೊಡ್ಡ ಐಸ್ ಹಾಕಿ ಲೀಗ್) ಸ್ಪರ್ಧೆಯಲ್ಲಿ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಹೊಡೆದ. ಅವನ ಆಳ್ತನ ನೋಡಿದರೆ ಸಾಕು, ಟೇಪಿನ ಮಾತು ಬರುವುದೇ ಇಲ್ಲ. ಸ್ಲ್ಯಾಪ್ ಶಾಟಿನಲ್ಲಿ ಪಕ್ ಬ್ಲೇಡಿನ ಮೇಲೆ ಇರುವುದೇ ಕಣ್ಣು ಮಿಟುಕಿಸುವಷ್ಟು ಹೊತ್ತು. ಟೇಪಿಗೆ ಅಲ್ಲಿ ಕೆಲಸ ಕಮ್ಮಿ.

ಟೇಪಿನ ಇನ್ನೊಂದು ಉಪಕಾರ ಪಾಸ್ ಹಿಡಿಯುವಾಗ ಗೊತ್ತಾಗುತ್ತದೆ. ಬರಿ ಬ್ಲೇಡಿಗೆ ಬಂದ ಪಕ್ "ಠಣ್" ಅಂತ ಪುಟಿದು ಓಡುತ್ತದೆ. ಟೇಪ್ ಇದ್ದರೆ "ದಪ್" ಅಂತ ಕೂರುತ್ತದೆ. ನನ್ನಂಥ ಒರಟು ಕೈಯವರಿಗೆ ಶಾಟಿಗಿಂತ ಇದೇ ದೊಡ್ಡ ಲಾಭ.

ಇನ್ನು ಪರೀಕ್ಷೆಗೆ ಬರೋಣ. ರಬ್ಬರ್ ಪಕ್ ಸಿಮೆಂಟಿನ ಮೇಲೆ ಜಾರುವುದಿಲ್ಲ, ಮುಗ್ಗರಿಸುತ್ತದೆ. ಆಟಕ್ಕೆ ನಾವು ಇನ್‌ಲೈನ್ ಹಾಕಿಯ ಹಗುರ ಪ್ಲಾಸ್ಟಿಕ್ ಪಕ್ ಬಳಸುತ್ತೇವೆ, ಅದರ ಮೈಯಲ್ಲಿ ಸಣ್ಣ ಸಣ್ಣ ಗುಬುಟು ಇರುತ್ತದೆ. ಆದರೆ ಪರೀಕ್ಷೆಗೆ ಅಸಲಿ ಪಕ್ಕೇ ಬೇಕು ಅನ್ನಿಸಿತು. ಅಡುಗೆಮನೆ ಕಪಾಟು ಮಾಡಿಸಿದಾಗ ಉಳಿದ ಸನ್‌ಮೈಕಾ ಹಲಗೆ ಅಟ್ಟದಲ್ಲಿತ್ತು. ಅದನ್ನು ಅಂಗಳದಲ್ಲಿ ಹಾಸಿದರೆ ಮಂಜಿನ ಹಾಗೆ ಜಾರುತ್ತದೆ. ಅದರ ಮೇಲಿಂದ, ಇಪ್ಪತ್ತಡಿ ದೂರದಿಂದ, ಒಂದೊಂದು ಟೇಪಿಗೆ ಇಪ್ಪತ್ತು ರಿಸ್ಟ್ ಶಾಟ್. ಮೂಲೆಯ ಹಾಳೆಗೆ ತಾಗಿದರೆ ಒಂದು ಅಂಕ. ಅಳಿಯ ಸ್ಲೇಟು ಹಿಡಿದು ಲೆಕ್ಕ ಬರೆದ. ಇದು ವಿಜ್ಞಾನ ಅಲ್ಲ, ಒಬ್ಬ ಮನುಷ್ಯ, ಒಂದು ಅಂಗಳ, ಎರಡು ಸಂಜೆ. ಟೇಪ್ ಇಲ್ಲದೆ ಹೊಡೆದಾಗ ನನಗೆ ಬಂದದ್ದು ಐದು. ಮೂರು ಪಕ್ ಬಸಿಗಾಲುವೆಗೆ, ಒಂದು ದನದ ಕೊಟ್ಟಿಗೆಗೆ.

ಕೆನಡಾದ ಕಪ್ಪು ಬಟ್ಟೆ ಟೇಪ್ ಮೊದಲು. ಅಲ್ಲಿ ಟಯರ್ ಮಾರುವ ಅಂಗಡಿಯಲ್ಲೂ ಸಿಗುತ್ತದೆ, ನಾಲ್ಕೈದು ಡಾಲರಿಗೆ ಒಂದು ರೋಲ್ ತಗೊಳ್ಳುತ್ತಿದ್ದೆ. ಒಂದಿಂಚು ಅಗಲ. ಕೈಯಲ್ಲೇ ಹರಿಯಬಹುದು, ಆದರೆ ಎಳೆದರೆ ಜಗ್ಗುವುದಿಲ್ಲ. ನೇಯ್ಗೆ ಒರಟು, ಅಂಟು ಹದ. ಹರಿಯುವಾಗ ಬರುವ "ಪರ್" ಸದ್ದು ಕೇಳಿದರೆ ನನಗೆ ಈಗಲೂ ಆ ರಾತ್ರಿಗಳ ಬೆವರು ವಾಸನೆಯ ಡ್ರೆಸಿಂಗ್ ರೂಮು ನೆನಪಾಗುತ್ತದೆ. ನನ್ನ ಪಕ್ಕ ಕೂರುತ್ತಿದ್ದ ಲಾರಿ ಡ್ರೈವರ್ ಒಬ್ಬ ಸುತ್ತುವುದನ್ನು ಕಲಿಸಿದ್ದ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕಾಲಿಂಚಷ್ಟು ಹತ್ತಬೇಕು. ಸುಕ್ಕು ಬೀಳಬಾರದು. ತುದಿಗೆ ಬಂದ ಮೇಲೆ ಕತ್ತರಿಯಲ್ಲಿ ಬ್ಲೇಡಿನ ಆಕಾರಕ್ಕೆ ಕತ್ತರಿಸಿ ಮಡಚಬೇಕು. ಕೊನೆಗೆ ಪಕ್ಕಿನ ಅಂಚಿನಿಂದಲೇ ಗಸಗಸ ತಿಕ್ಕಿ ಕೂರಿಸಬೇಕು. ಇದಕ್ಕೆ ನನಗೆ ಬಂದ ಅಂಕ ಒಂಬತ್ತು. ಅದಕ್ಕಿಂತ ಮುಖ್ಯ, ತಪ್ಪಿದ ಪಕ್ಕುಗಳೂ ಮಗುಚದೆ ತಟ್ಟೆಯ ಹಾಗೆ ಹೋದವು. ಗುರಿ ನನ್ನ ತಪ್ಪು, ಟೇಪಿನದ್ದಲ್ಲ.

ಆಮೇಲೆ ಶಿವಮೊಗ್ಗದ ಗಾಂಧಿ ಬಜಾರಿನ ಕಡೆ ಒಂದು ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ತೀರ್ಥಹಳ್ಳಿಯಿಂದ ಮಂಡಗದ್ದೆ, ಗಾಜನೂರು ದಾಟಿ ಅರವತ್ತು ಕಿಲೋಮೀಟರ್ ಬಂದದ್ದು ಬೇರೆ ಕೆಲಸಕ್ಕೆ, ಟೇಪಿಗೆ ಅಂತ ಮನೆಯಲ್ಲಿ ಹೇಳಿರಲಿಲ್ಲ. ಇನ್ಸುಲೇಷನ್ ಟೇಪ್ ಕೇಳಿದೆ. ಕೆಂಪು, ಹಳದಿ, ನೀಲಿ, ಹಸಿರು, ಕಪ್ಪು ಎಲ್ಲ ಇಟ್ಟರು. ಒಂದಕ್ಕೆ ಹದಿನೈದು ರೂಪಾಯಿ. ಸ್ಟಿಕ್ಕಿಗೆ ಸುತ್ತಲು ಇದು ದಂಡ, ಮೊದಲೇ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಮೈ, ಪಕ್ ಸೋಪಿನ ಹಾಗೆ ಜಾರಿತು. ಬರಿ ಬ್ಲೇಡಿಗಿಂತ ಕಡೆ. ಅಂಕ ನಾಲ್ಕು. ಬಿಸಿಲಿಗೆ ಅಂಟು ಹೊರಗೆ ಸೋರಿ ಅಂಗೈಯೆಲ್ಲ ಜಿಡ್ಡು. ಪಕ್ಕದ ಮನೆಯ ಮಗು ಅದರಲ್ಲಿ ತನ್ನ ಸ್ಟಿಕ್ಕಿಗೆ ಐದು ಬಣ್ಣದ ಪಟ್ಟೆ ಹಾಕಿಕೊಂಡಳು. ಚೆಂದ ಕಾಣುತ್ತದೆ, ಅಷ್ಟೇ.

ಅಂಗಡಿಯವರ ಹತ್ತಿರ ವಿಷಯ ಬಿಡಿಸಿ ಹೇಳಿದೆ. ನಯವಾಗಿ ಇರಬಾರದು, ಬಟ್ಟೆ ಆಗಬೇಕು, ಕಚ್ಚಬೇಕು. ಅವರು ಯೋಚಿಸಿ, ಏಣಿ ಹತ್ತಿ, ಮೇಲಿನ ಖಾನೆಯಿಂದ ಧೂಳು ಹಿಡಿದ ಒಂದು ರಟ್ಟಿನ ಡಬ್ಬ ಇಳಿಸಿದರು. "ಹಳೇ ಕಾಲದ್ದು ಸಾರ್. ಪಂಪ್‌ಸೆಟ್ ಕೇಬಲ್ ಜಾಯಿಂಟಿಗೆ ಹಾಕ್ತಿದ್ದರು. ಈಗ ಯಾರೂ ಕೇಳಲ್ಲ."

ಕಪ್ಪು ಹತ್ತಿ ಬಟ್ಟೆ ಟೇಪ್. ಎರಡೂ ಕಡೆ ರಬ್ಬರ್ ಅಂಟು. ಮೂಗಿಗೆ ಹಿಡಿದರೆ ಡಾಂಬರಿನಂಥ ವಾಸನೆ. ಅಪ್ಪ ಇದನ್ನು ಹಲ್ಲಲ್ಲಿ ಕಚ್ಚಿ ಹರಿದು ತೋಟದ ಮೋಟರಿಗೆ ಸುತ್ತುತ್ತಿದ್ದದ್ದು ನನಗೆ ನೆನಪಿದೆ. ತಮಾಷೆ ಏನೆಂದರೆ ಹಾಕಿ ಟೇಪಿನ ಪೂರ್ವಜನೇ ಇದು. ಹಾಕಿಗೆ ಅಂತಲೇ ಬೇರೆ ಟೇಪ್ ಬರುವ ಮುಂಚೆ ಅಲ್ಲಿನವರೂ ಈ ವೈರಿಂಗ್ ಟೇಪನ್ನೇ ಸ್ಟಿಕ್ಕಿಗೆ ಸುತ್ತುತ್ತಿದ್ದರು. ಅಂದರೆ ನಾನು ಏಳು ಸಮುದ್ರ ದಾಟಿಸಿ ತಂದದ್ದರ ಅಜ್ಜ ನಮ್ಮನೆ ಪಂಪ್ ಮನೆಯಲ್ಲೇ ಕೂತಿದ್ದ. ಒಂದು ರೋಲಿಗೆ ಮೂವತ್ತೈದು ರೂಪಾಯಿ ತಗೊಂಡರು. ಎರಡು ತಂದೆ.

ಸುತ್ತುವುದು ಸ್ವಲ್ಪ ರಗಳೆ. ಎರಡೂ ಕಡೆ ಅಂಟು ಇರುವುದರಿಂದ ಬೆರಳಿಗೂ ಹತ್ತುತ್ತದೆ. ಮೊದಲ ಹತ್ತು ಶಾಟ್ ಪಕ್ ಬ್ಲೇಡನ್ನು ಬಿಡಲು ಒಪ್ಪಲೇ ಇಲ್ಲ. ತಡವಾಗಿ ಬಿಟ್ಟು, ಗುರಿಯ ಎಡಕ್ಕೆ ಎಡಕ್ಕೆ ಹೋಯಿತು. ಜಾಸ್ತಿ ಕಚ್ಚಿದರೂ ಕಷ್ಟವೇ! ಆಗ ನೆನಪಾದದ್ದು ವೇಯ್ನ್ ಗ್ರೆಟ್ಸ್ಕಿ. ಐಸ್ ಹಾಕಿಯಲ್ಲಿ ಅವನಿಗಿಂತ ದೊಡ್ಡ ಹೆಸರಿಲ್ಲ. ಟೇಪಿನ ಅಂಟು ಕಮ್ಮಿ ಮಾಡಲು ಅವನು ಮಗುವಿನ ಪೌಡರ್ ಉದುರಿಸುತ್ತಿದ್ದ. ನಮಗೆ ಪೌಡರಿನ ಖರ್ಚೂ ಇಲ್ಲ. ಬ್ಲೇಡನ್ನು ಅಂಗಳದ ಅಂಚಿನ ಕೆಂಪು ಧೂಳಿನಲ್ಲಿ ಒಂದು ಸಲ ಹೊರಳಿಸಿದೆ, ಹದ ಬಂತು. ಆಮೇಲಿನ ಇಪ್ಪತ್ತಕ್ಕೆ ಎಂಟು. ಕೆನಡಾದ್ದಕ್ಕೆ ಒಂದೇ ಕಮ್ಮಿ. ಅಷ್ಟು ಹೊತ್ತಿಗೆ ಅಳಿಯ ಸ್ಲೇಟಿನಿಂದ ತಲೆ ಎತ್ತಿ, "ಮಾವ, ನಿನಗೆ ಹೊಡೆದು ಹೊಡೆದು ಅಭ್ಯಾಸ ಆಗಿದೆ, ಅದಕ್ಕೇ ಬರ್ತಿದೆ," ಅಂದ. ಹುಡುಗ ಹೇಳಿದ್ದರಲ್ಲಿ ಸತ್ಯ ಇದೆ. ಮಾರನೇ ದಿನ ಮತ್ತೆ ಬರಿ ಬ್ಲೇಡಿನಲ್ಲಿ ಹೊಡೆದೆ. ಆರು ಬಂತು. ಅಭ್ಯಾಸದ ಪಾಲು ಒಂದು ಅಂತ ಇಟ್ಟುಕೊಳ್ಳಿ.

ಮೆಡಿಕಲ್ ಶಾಪಿನ ಬಿಳಿ ಬಟ್ಟೆ ಪ್ಲಾಸ್ಟರ್, ಅಮ್ಮ ಬ್ಯಾಂಡೇಜ್ ಅಂದುಕೊಂಡದ್ದು ಇದನ್ನೇ. ಕಚ್ಚುವುದು ಚೆನ್ನಾಗಿದೆ, ಮೆತ್ತಗಿದೆ, ಏಳು ಅಂಕ ಬಂತು. ಆದರೆ ದುಬಾರಿ, ಒಂದು ಆಟಕ್ಕೆ ದಾರ ದಾರ ಬಿಟ್ಟಿತು. ಆಸ್ಪತ್ರೆ ವಾಸನೆ ಬೇರೆ. ತುರ್ತಿಗೆ ಆದೀತು.

ಬಿಳಿ ಟೇಪಿನ ಬಗ್ಗೆ ಒಂದು ಮಾತು. ಐಸ್ ಹಾಕಿಯವರಲ್ಲಿ ಕಪ್ಪೋ ಬಿಳಿಯೋ ಅಂತ ಮುಗಿಯದ ಜಗಳ ಇದೆ. ಪಕ್ ಕಪ್ಪು. ಕಪ್ಪು ಟೇಪ್ ಸುತ್ತಿದರೆ ಗೋಲ್‌ಕೀಪರಿಗೆ ಪಕ್ ಯಾವಾಗ ಹೊರಟಿತು ಕಾಣುವುದಿಲ್ಲ ಅನ್ನುತ್ತಾರೆ ಒಂದು ಪಂಗಡ. ಬಿಳಿ ಸುತ್ತಿದರೆ ತನಗೆ ಪಕ್ ಚೆನ್ನಾಗಿ ಕಾಣುತ್ತದೆ ಅನ್ನುತ್ತಾರೆ ಇನ್ನೊಂದು ಪಂಗಡ. ಎನ್‌ಎಚ್‌ಎಲ್ ನಿಯಮದಲ್ಲಿ ಯಾವ ಬಣ್ಣದ ಟೇಪನ್ನು ಸ್ಟಿಕ್ಕಿನ ಯಾವ ಜಾಗಕ್ಕೆ ಬೇಕಾದರೂ ಸುತ್ತಬಹುದು. ನಮ್ಮ ಪ್ಲಾಸ್ಟಿಕ್ ಪಕ್ ಕಿತ್ತಳೆ ಬಣ್ಣದ್ದು. ನಮ್ಮ ಗೋಲ್‌ಕೀಪರ್ ಎಂಟು ವರ್ಷದವನು, ಪಕ್ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ಬಣ್ಣದ ಚರ್ಚೆ ಅಲ್ಲಿಗೆ ಮುಗಿಯಿತು.

ಯಾವ ಕಡೆಯಿಂದ ಸುತ್ತಬೇಕು ಅನ್ನುವುದು ಇನ್ನೊಂದು ಜಗಳ. ಇದು ಅರ್ಥವಾಗಲು ನಮ್ಮ ಮಾಡಿನ ಹೆಂಚು ನೋಡಿ. ಮೇಲಿನಿಂದ ಕೆಳಕ್ಕೆ ಕೈ ಎಳೆದರೆ ಜಾರುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆದರೆ ಪ್ರತಿ ಹೆಂಚಿನ ಅಂಚೂ ಬೆರಳಿಗೆ ತಡೆಯುತ್ತದೆ. ಹಿಮ್ಮಡಿಯಿಂದ ತುದಿಗೆ ಸುತ್ತುತ್ತಾ ಹೋದರೆ ಟೇಪಿನ ಅಂಚುಗಳೆಲ್ಲ ಹಿಮ್ಮಡಿ ಕಡೆ ಮುಖ ಮಾಡಿರುತ್ತವೆ. ತುದಿಯತ್ತ ಉರುಳುವ ಪಕ್ಕಿಗೆ ಒಂದೊಂದು ಅಂಚೂ ತಡೆಯುತ್ತದೆ, ತಿರುಗಣೆ ಹೆಚ್ಚು ಅನ್ನುತ್ತಾರೆ. ತುದಿಯಿಂದ ಹಿಮ್ಮಡಿಗೆ ಸುತ್ತಿದರೆ ಪಕ್ ಅಂಚಿನಿಂದ ಅಂಚಿಗೆ ಇಳಿಯುತ್ತಾ ಹೋಗುತ್ತದೆ, ಬಿಡುವುದು ಸಲೀಸು ಅನ್ನುತ್ತಾರೆ. ಎರಡನ್ನೂ ಮಾಡಿದೆ. ಬೆರಳು ಸವರಿದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಶಾಟಿನಲ್ಲಿ ನನಗೆ ಗೊತ್ತಾಗಲಿಲ್ಲ. ಇಷ್ಟಕ್ಕೂ ಬಾಬಿ ಓರ್ ಅನ್ನುವ ಮಹಾ ಆಟಗಾರ ಬ್ಲೇಡಿಗೆ ಹೆಸರಿಗೊಂದು ಪಟ್ಟಿ ಟೇಪ್ ಹಾಕುತ್ತಿದ್ದ, ಕೆಲವೊಮ್ಮೆ ಅದೂ ಇಲ್ಲ. ಅವನ ಕಾಲದ ಬ್ಲೇಡ್ ಮರದ್ದು, ಮರ ತಾನೇ ಸ್ವಲ್ಪ ಕಚ್ಚುತ್ತದೆ ಅನ್ನುವುದು ನನ್ನ ಸಮಾಧಾನ. ಅವನ ಕೈ ನನಗಿಲ್ಲ ಅನ್ನುವುದು ಅಮ್ಮನ ಸಮಾಧಾನ.

ಈಗ ನಮ್ಮ ನಿಜವಾದ ತಲೆನೋವು. ಮಂಜು ಟೇಪನ್ನು ಒದ್ದೆ ಮಾಡುತ್ತದೆ, ಸಿಮೆಂಟ್ ಟೇಪನ್ನು ತಿನ್ನುತ್ತದೆ. ಕಿಚನರಿನಲ್ಲಿ ಒಂದು ಸಲ ಸುತ್ತಿದರೆ ಎರಡು ಮೂರು ಆಟ ಬರುತ್ತಿತ್ತು. ಇಲ್ಲಿ ಅರ್ಧ ಗಂಟೆಗೆ ಬ್ಲೇಡಿನ ಅಡಿಭಾಗ ಸವೆದು, ಟೇಪ್ ಎರಡು ಕಡೆಗೂ ಬಿಚ್ಚಿಕೊಂಡು, ಗಾಳಿಗೆ ಹರಿದ ಬಾಳೆ ಎಲೆ ಥರ ಪಟಪಟ ಅನ್ನುತ್ತದೆ. ಬೀದಿ ಹಾಕಿ ಆಡುವವರು ಎಲ್ಲ ಕಡೆ ಇದೇ ಗೋಳು ಹೇಳುತ್ತಾರೆ. ಟೇಪ್ ಹೋದರೆ ಹೋಗಲಿ, ಆಮೇಲೆ ಸವೆಯುವುದು ಬ್ಲೇಡು. ಅದರ ಬೆಲೆ ನೆನಪಾದರೆ ನಿದ್ದೆ ಬರುವುದಿಲ್ಲ.

ಇದಕ್ಕೆ ಉಪಾಯ ಸಿಕ್ಕಿದ್ದು ದುರ್ಗಿಗುಡಿಯ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ. ಕ್ರಿಕೆಟ್ ಬ್ಯಾಟಿನ ಅಂಚಿಗೆ ಹಾಕುವ ಫೈಬರ್ ಟೇಪ್, ಒಳಗೆ ಗಾಜಿನ ಎಳೆ ಇರುವುದು. ಪೂರ್ತಿ ಸುತ್ತಿದರೆ ಪ್ರಯೋಜನ ಇಲ್ಲ, ನಯ ಜಾಸ್ತಿ. ಆದರೆ ಬ್ಲೇಡಿನ ಅಡಿ ಅಂಚಿಗೆ ಉದ್ದಕ್ಕೆ ಒಂದು ಪಟ್ಟಿ, ಅದರ ಮೇಲೆ ಇನ್ನೊಂದು ಪಟ್ಟಿ ಹಾಕಿ, ಆಮೇಲೆ ಕಪ್ಪು ಬಟ್ಟೆ ಟೇಪ್ ಸುತ್ತಿದೆ. ಅಡಿಯಲ್ಲಿ ಬಟ್ಟೆ ಸವೆಯುತ್ತದೆ. ಆದರೆ ಫೈಬರ್ ತಡೆಯುತ್ತದೆ, ಕಾರ್ಬನ್ ಉಳಿಯುತ್ತದೆ. ಬಟ್ಟೆಯ ಅಂಚು ಬಿಚ್ಚಿಕೊಂಡರೆ ಕತ್ತರಿಯಲ್ಲಿ ಕತ್ತರಿಸಿಬಿಡಿ. ಮುಖದ ಮೇಲಿನ ಟೇಪ್ ಹಾಗೇ ಇರುತ್ತದೆ, ಶಾಟಿಗೆ ಬೇಕಾದದ್ದು ಅದೇ. ಫೈಬರ್ ಪಟ್ಟಿ ನಮಗೆ ಎರಡು ವಾರ ಬಂತು, ದಿನಾ ಸಂಜೆ ಆಡಿ.

ಅಂಗಡಿಯವರು ಅದರ ಜೊತೆ ಶಟಲ್ ರಾಕೆಟ್ಟಿನ ಗ್ರಿಪ್ಪೂ ಮಾರಲು ನೋಡಿದರು. ಹಿಡಿಕೆಗೆ ಅದು ಚೆನ್ನಾಗಿದೆ, ಬ್ಲೇಡಿಗೆ ಬೇಡ. ಸ್ಪಂಜಿನ ಹಾಗೆ ಅದುಮುತ್ತದೆ, ಪಕ್ ಎಲ್ಲಿದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ.

ಇನ್ನು ಮೇಣ. ಮಂಜಿನ ಮೇಲೆ ಆಡುವವರು ಟೇಪಿಗೆ ಮೇಣ ತಿಕ್ಕುತ್ತಾರೆ, ನೀರು ಹೀರಬಾರದು, ಹಿಮ ಅಂಟಬಾರದು ಅಂತ. ಅಲ್ಲಿ ಅದಕ್ಕೇ ಬೇರೆ ಬಿಲ್ಲೆ ಮಾರುತ್ತಾರೆ. ನಮಗೆ ಆಚೆಮನೆಯಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇದೆ, ಹಿಡಿಯಷ್ಟು ಜೇನುಮೇಣ ಸುಮ್ನೆ ಸಿಕ್ಕಿತು. ಬೇಸಿಗೆಯಲ್ಲಿ ತಿಕ್ಕಬೇಡಿ. ಧೂಳು ಮೆತ್ತಿಕೊಂಡು ಬ್ಲೇಡ್ ಕೆಂಪಗಾಗಿ ನಯ ಆಗುತ್ತದೆ, ಎಲ್ಲ ಪಡಿಪಾಟಲು ವ್ಯರ್ಥ. ಮೇ ತಿಂಗಳ ಕೊನೆಗೆ, ಸಂಜೆ ಮಳೆ ಹೊಡೆದು ಅಂಗಳ ಪಸೆ ಇರುವಾಗ ತಿಕ್ಕಿದರೆ ಒಳ್ಳೆಯದು. ಒದ್ದೆಯಾದ ಹತ್ತಿ ಟೇಪ್ ಭಾರ ಆಗುತ್ತದೆ, ಅಂಟು ಬಿಡುತ್ತದೆ. ಮೇಣ ಇದ್ದರೆ ನೀರು ಕೆಸುವಿನ ಎಲೆಯ ಮೇಲಿನ ಹಾಗೆ ಜಾರಿ ಹೋಗುತ್ತದೆ.

ಮಳೆಗಾಲದಲ್ಲಿ ರೋಲುಗಳನ್ನು ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಹೋದ ವರ್ಷ ಕೆನಡಾದ ಎರಡು ರೋಲನ್ನು ಸ್ಕೇಟ್ ಬ್ಯಾಗಿನಲ್ಲೇ ಬಿಟ್ಟಿದ್ದೆ. ಆಗಸ್ಟಿನಲ್ಲಿ ತೆಗೆದರೆ ಬೂಷ್ಟು ಹಿಡಿದು ಬೆಕ್ಕಿನ ಮೈ ಹಾಗೆ ಆಗಿತ್ತು. ಈಗ ಉಳಿದ ಒಂದನ್ನು ಅಟ್ಟದಲ್ಲಿ, ಒಲೆಯ ನೇರಕ್ಕೆ, ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟಿದ್ದೇನೆ. ಹಳೇ ಟೇಪಿನ ಮೇಲೇ ಹೊಸದು ಸುತ್ತುವ ಸೋಮಾರಿತನವೂ ಬೇಡ. ತುದಿ ಭಾರ ಆಗಿ, ಕೈ ಲೆಕ್ಕ ತಪ್ಪುತ್ತದೆ. ಅಳಿಯ ನಾಲ್ಕು ಪದರ ಮಾಡಿಕೊಂಡು, ಸ್ಟಿಕ್ ಯಾಕೋ ಸುತ್ತಿಗೆ ಥರ ಆಗಿದೆ ಅನ್ನುತ್ತಿದ್ದ. ಕಿತ್ತು ತೆಗೆದ ಮೇಲೆ ಉಳಿದ ಅಂಟಿಗೆ ಸೀಮೆಎಣ್ಣೆ ಬಟ್ಟೆ ಸಾಕು.

ಲೆಕ್ಕ ಹೀಗೆ. ಒಂದು ಬ್ಲೇಡಿಗೆ ಸುಮಾರು ಎರಡು ಮೀಟರ್ ಬಟ್ಟೆ ಟೇಪ್ ಬೇಕು. ವಾರಕ್ಕೆ ಎರಡು ಸಲ ಬದಲಿಸಿದರೂ ತಿಂಗಳಿಗೆ ನೂರು ರೂಪಾಯಿ ಮೀರುವುದಿಲ್ಲ, ಫೈಬರ್ ಪಟ್ಟಿ ಬೇರೆ. ಕೆನಡಾದ್ದಕ್ಕೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ, ಸಿಗುವುದಿಲ್ಲ ಅನ್ನುವುದಕ್ಕೆ ಒಂದು ಕಡಿತ. ವೈರಿಂಗ್ ಟೇಪಿಗೆ ಎಂಟು. ಪ್ಲಾಸ್ಟರಿಗೆ ಐದು. ಬಣ್ಣದ ಇನ್ಸುಲೇಷನ್ ಟೇಪಿಗೆ ಎರಡು, ಅದೂ ಪಕ್ಕದ ಮನೆ ಮಗುವಿನ ಖುಷಿಗೆ.

ಮೊನ್ನೆ ಗಾಂಧಿ ಬಜಾರಿನ ಅಂಗಡಿಗೆ ಫೋನ್ ಮಾಡಿ, ಆ ಹಳೇ ಡಬ್ಬದಲ್ಲಿ ಇನ್ನೆಷ್ಟು ರೋಲ್ ಇದೆ ಅಂತ ಕೇಳಿದೆ. ಹದಿನಾಲ್ಕು ಇದೆಯಂತೆ. ಎಲ್ಲ ತೆಗೆದಿಡಿ ಅಂದೆ.

"ಎಷ್ಟು ಎಕರೆ ತೋಟ ಸಾರ್ ನಿಮ್ಮದು?" ಅಂದರು.